ಸ್ಟೇರಿಂಗ್ ಬಿಟ್ಟು ನೆಲಕ್ಕಿಳಿದ ಗೇರು

ಅಣಶಿ ಘಾಟಿನ ಏರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ತಟ್ಟನೆ ನಿಂತಿತು. ಎಂಜಿನ್ ಕಾದಿರಬೇಕು ಎಂದು ನಾವು ನೀರು ಹುಡುಕಲು ಇಳಿದೆವು. ಚಾಲಕ ಬಾನೆಟ್ ಎತ್ತಿದವನು ರೇಡಿಯೇಟರ್ ಕಡೆ ನೋಡಲೇ ಇಲ್ಲ. ಸ್ಟೇರಿಂಗ್ ಕೊಳವೆಯ ಬುಡಕ್ಕೆ ಕೈ ಹಾಕಿ, ಸಿಕ್ಕಿಕೊಂಡಿದ್ದ ಲಿವರನ್ನು ಎಳೆದು ಬಿಡಿಸಿದ. ಸಿಕ್ಕಿಬಿದ್ದದ್ದು ಗೇರು.

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾದವರಿಗೆ ಆ ಘಾಟು ತಪ್ಪಿದ್ದಲ್ಲ. ಕಾಳಿ ನದಿಯ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಮುಳುಗಿ ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂದರೂ ಜಿಲ್ಲಾ ಕಚೇರಿ ಕಾರವಾರದಲ್ಲೇ ಉಳಿಯಿತು. ಅಲ್ಲಿಗೆ ಹೋಗಲು ಅಣಶಿ ಇಳಿಯಲೇಬೇಕು. ಇಂಥ ದಾರಿಯಲ್ಲಿ ಗೇರು ಕೈಕೊಡಬಾರದು. ಗೇರಿನ ದಂಡವನ್ನು ಸ್ಟೇರಿಂಗಿನ ಪಕ್ಕದಿಂದ ನೆಲಕ್ಕಿಳಿಸಿ ‘ಫ್ಲೋರ್ ಗೇರ್’ ಕೂರಿಸುವ ಕಸುಬು ಬೆಳೆದದ್ದು ಈ ಅಗತ್ಯದಿಂದ.

ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ 1958ರಿಂದ 2014ರವರೆಗೆ ಅಂಬಾಸಿಡರ್ ತಯಾರಿಸಿತು. ಅದರ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಹಳೆಯ ಮಾದರಿಗಳಲ್ಲಿ ಗೇರಿನ ದಂಡ ಸ್ಟೇರಿಂಗಿನ ಪಕ್ಕದಲ್ಲಿತ್ತು. ಪ್ರೀಮಿಯರ್ ಪದ್ಮಿನಿ ಕಾರಿನಲ್ಲೂ ಹಾಗೆಯೇ. ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದಿತ್ತು, ಟ್ಯಾಕ್ಸಿಯವರಿಗೆ ಅದೇ ಲಾಭ. ಆದರೆ ಕೈಯಿಂದ ಗೇರ್ ಬಾಕ್ಸಿನವರೆಗೆ ಎಷ್ಟೊಂದು ಸರಳು, ಎಷ್ಟೊಂದು ಬುಷ್! ಒಂದೊಂದು ಬುಷ್ ಕೂದಲೆಳೆಯಷ್ಟು ಸವೆದರೂ ದಂಡ ಹಿಟ್ಟಿನಲ್ಲಿ ಸಿಕ್ಕ ಸೌಟಿನಂತೆ ಆಡುತ್ತದೆ. ಜೀಪಿನಲ್ಲಿ ಈ ಗೋಳಿಲ್ಲ. ದಂಡ ನೇರವಾಗಿ ಗೇರ್ ಬಾಕ್ಸಿನ ನೆತ್ತಿಗೇ ಇಳಿದಿರುತ್ತದೆ. ಜೀಪು ಓಡಿಸಿ ಪಳಗಿದ ಕೈ ಅಂಬಾಸಿಡರಿನಲ್ಲೂ ಅದನ್ನೇ ಬಯಸಿತು.

ಹೊರಗಿನ ಅಂಗಡಿಯಲ್ಲಿ ಸಿಗುತ್ತಿದ್ದ ಫ್ಲೋರ್ ಗೇರ್ ಕಿಟ್ ತಂದು ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು ಎಂದು ತಿಳಿಯಬೇಡಿ. ಮೊದಲು ನೆಲದ ತಗಡಿಗೆ ರಂಧ್ರ ಹೊಡೆಯಬೇಕು. ಕೆಳಗೆ ಗೇರ್ ಬಾಕ್ಸಿನ ಪಕ್ಕ ಎರಡು ಲಿವರುಗಳು: ಒಂದು ಗೇರಿನ ಸಾಲನ್ನು ಆರಿಸುತ್ತದೆ, ಇನ್ನೊಂದು ಆ ಸಾಲಿನೊಳಗೆ ಹಿಂದೆ ಮುಂದೆ ತಳ್ಳುತ್ತದೆ. ಹೊಸ ದಂಡದಿಂದ ಇವಕ್ಕೆ ಸರಳು ಜೋಡಿಸಬೇಕು. ಸರಳಿನ ತುದಿಯಲ್ಲಿ ತಿರುಪಿನ ಮರೆ ಇರುತ್ತದೆ. ಮಿಸ್ತ್ರಿ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ದಂಡವನ್ನು ನೆಟ್ಟಗೆ ನಿಲ್ಲಿಸಿ, ಸರಳಿನ ಆ ತುದಿಯನ್ನು ಅರ್ಧ ಸುತ್ತು ತಿರುಗಿಸುತ್ತಾನೆ, ಗೇರು ಹಾಕಿ ನೋಡುತ್ತಾನೆ, ಮತ್ತೆ ಕಾಲು ಸುತ್ತು ಹಿಂದೆ ತೆಗೆಯುತ್ತಾನೆ. ಕಾರಿನಡಿ ಅಂಗಾತ ಮಲಗಿ, ಮುಖದ ಮೇಲೆ ಮಣ್ಣು ಉದುರುತ್ತಿರುವಾಗ ಮಾಡುವ ಅಳತೆ ಇದು.

“ರಿವರ್ಸಿಗೆ ಬಿದ್ದ ಮ್ಯಾಲೆ ದಂಡ ಸೀಟಿಗೆ ಬಡೀಬಾರ್ದು ನೋಡ್ರೀ,” ಎಂದು ದಾಂಡೇಲಿಯ ಹಳೆಯ ಮಿಸ್ತ್ರಿಯೊಬ್ಬರು ಪಾನಾ ಒರೆಸುತ್ತ ಹೇಳಿದ್ದರು. ಅದರಲ್ಲಿ ಬಹಳ ಅರ್ಥವಿದೆ. ಯಾವ ಗೇರಿನಲ್ಲೇ ಆಗಲಿ, ದಂಡ ಸೀಟಿಗೋ ತಗಡಿನ ಅಂಚಿಗೋ ಮೊದಲೇ ತಾಗಿದರೆ ಒಳಗಿನ ಹಲ್ಲು ಪೂರ್ತಿ ಕೂರುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದಿಡುವ ಹೊತ್ತಿಗೆ ಗೇರು ತಾನಾಗಿ ಹಾರಿ ಹೊರಬರುತ್ತದೆ. ಆಗ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಅಣಶಿಯ ತಿರುವಿನಲ್ಲಿ ಅದು ಜೀವದ ಪ್ರಶ್ನೆ.

ಫ್ಲೋರ್ ಗೇರ್ ಹಾಕಿಸಿದರೆ ಗಾಡಿಯ ಎಳೆತ ಹೆಚ್ಚುತ್ತದೆ ಎಂಬ ನಂಬಿಕೆ ಕೆಲವರಲ್ಲಿತ್ತು. ಅದು ತಪ್ಪು. ಗೇರ್ ಬಾಕ್ಸ್ ಹಳೆಯದೇ. ಹಲ್ಲುಗಳ ವೇಗವನ್ನು ಹೊಂದಿಸುವ ಸಿಂಕ್ರೋಮೆಶ್ ಒಂದನೇ ಗೇರಿಗೆ ಮಾರ್ಪಾಡಿಗೆ ಮೊದಲೂ ಇರಲಿಲ್ಲ, ನಂತರವೂ ಇಲ್ಲ. ಏರಿನಲ್ಲಿ ಓಡುತ್ತಿರುವಾಗಲೇ ಒಂದಕ್ಕೆ ಇಳಿಸಲು ಎರಡು ಬಾರಿ ಕ್ಲಚ್ ತುಳಿಯುವ ಕಲೆ ಬೇಕೇ ಬೇಕು. ಬದಲಾಗುವುದು ಕೈಗೆ ಸಿಗುವ ಖಾತ್ರಿ ಮಾತ್ರ. ನನ್ನ ಮಟ್ಟಿಗೆ ಅದು ಸಣ್ಣ ಲಾಭವೇನಲ್ಲ.

ಮುಂದೆ ಇಸುಜು ಎಂಜಿನ್ನಿನ ಅಂಬಾಸಿಡರ್ ಐದು ಗೇರಿನೊಂದಿಗೆ ಬಂದಾಗ ಕಂಪನಿಯೇ ದಂಡವನ್ನು ನೆಲಕ್ಕಿಳಿಸಿತು. ನಮ್ಮ ಗ್ಯಾರೇಜುಗಳು ಕಿಟ್ ಹಿಡಿದು ಮಾಡುತ್ತಿದ್ದ ಕೆಲಸಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಬೇಕಿಲ್ಲ.

ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಸ್ಟೇರಿಂಗಿನ ಪಕ್ಕ ದಂಡವಿರುವ ಹಳೆಯ ‘ಹ್ಯಾಂಡ್ ಗೇರ್’ ಕಾರಿದ್ದರೆ ಒಂದು ವಿನಂತಿ. ಮಾರ್ಪಾಡು ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಬದಲಾವಣೆಗೆ ಮಿತಿ ಹಾಕಿದೆ. ಮಾಡಿಸಿದರೆ, ಬಿಚ್ಚಿದ ಸರಳು, ಬುಷ್, ಲಿವರ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಗ್ರೀಸ್ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.