ಆಪತ್ಕಾಲಕ್ಕೆ ಸಿದ್ಧಗಂಟು: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಯಜಮಾನರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಮಳೆಯ ನೆರಳಿನ ಸೀಮೆಯೆಂಬುದು ಸರ್ವವಿದಿತವಾಗಿದೆ. ಇಲ್ಲಿಯ ರೈತನು ಮುಗಿಲನ್ನು ನೋಡುವುದು ಮಳೆ ಬಾರದೆಂಬ ಚಿಂತೆಯಿಂದಲೇ ಹೊರತು ಅದು ಹೆಚ್ಚಾದೀತೆಂಬ ಭಯದಿಂದಲ್ಲ. ಆದುದರಿಂದ ಮನೆ ಬಿಟ್ಟು ಹೊರಡುವ ಸಂದರ್ಭಕ್ಕಾಗಿ ಗಂಟು ಕಟ್ಟಿಟ್ಟುಕೊಳ್ಳಬೇಕೆಂದರೆ, ಅದು ಹೊಳೆಯ ದಡದವರಿಗೆ ಹೇಳತಕ್ಕ ಮಾತೆಂದು ಅನೇಕರು ಭಾವಿಸುವರು. ಈ ಭಾವನೆಯು ಸರಿಯಲ್ಲ.

ನಮ್ಮ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ ೨೦೧೮ ಮತ್ತು ೨೦೧೯ನೆಯ ಇಸವಿಗಳ ಆಗಸ್ಟ್ ತಿಂಗಳಿನಲ್ಲಿ ಕಾವೇರಿಯು ಉಕ್ಕಿ, ದಾಸನಪುರ, ಮುಳ್ಳೂರು, ಹಳೇ ಹಂಪಾಪುರ ಮೊದಲಾದ ಗ್ರಾಮಗಳ ಜನರು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ೨೦೧೯ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಬಂಡೀಪುರದ ಕಾಡು ಹಲವು ದಿನ ಉರಿದು, ಸಾವಿರಾರು ಎಕರೆ ಸುಟ್ಟುಹೋಯಿತು. ೨೦೨೪ನೆಯ ಜುಲೈ ೩೦ರ ನಡುರಾತ್ರಿಯ ಮೇಲೆ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಬೆಟ್ಟವು ಕುಸಿದು ಇನ್ನೂರಕ್ಕೂ ಮಿಕ್ಕಿ ಜನರು ಮೃತರಾದರು. ಕೂಲಿಗಾಗಿ ಅಲ್ಲಿಗೆ ಹೋಗಿ ನೆಲೆಸಿದ್ದ ನಮ್ಮ ಜಿಲ್ಲೆಯವರೂ ಅವರಲ್ಲಿದ್ದರು. ಬದುಕಿ ಉಳಿದವರ ಕೈಯಲ್ಲಿ ತಾವು ಯಾರೆಂದು ತೋರಿಸುವ ಒಂದು ಚೀಟಿಯೂ ಇಲ್ಲದೆ, ಕಾಗದಪತ್ರಗಳನ್ನು ಹೊಸದಾಗಿ ಮಾಡಿಸಿಕೊಡಲು ಅಲ್ಲಿಯ ಸರ್ಕಾರವು ವಿಶೇಷ ಶಿಬಿರಗಳನ್ನು ನಡೆಸಬೇಕಾಯಿತು.

ಊರು ಬಿಟ್ಟು ಹೊರಡುವುದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ೧೮೯೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟ ಮೇಲೆ, ಇಲಿ ಬಿದ್ದಿತೆಂದರೆ ಜನರು ಊರ ಹೊರಗೆ ಜೋಪಡಿ ಹಾಕಿಕೊಂಡು ವಾಸಿಸುತ್ತಿದ್ದರು. ಆದರೆ ಪ್ಲೇಗಿನ ಕಾಲದಲ್ಲಿ ಹೊರಡುವವರಿಗೆ ಒಂದೆರಡು ದಿನಗಳ ಅವಕಾಶವಾದರೂ ಇರುತ್ತಿತ್ತು. ನೀರೂ ಬೆಂಕಿಯೂ ಅಷ್ಟು ಅವಕಾಶವನ್ನು ಕೊಡುವುದಿಲ್ಲ. ಆದಕಾರಣ ಗಂಟನ್ನು ಮೊದಲೇ ಕಟ್ಟಿರಬೇಕು.

ಗಂಟಿನಲ್ಲಿ ಇರತಕ್ಕ ವಸ್ತುಗಳು

ಟ್ರಂಕು ಪೆಟ್ಟಿಗೆಗಳು ಇದಕ್ಕೆ ಯೋಗ್ಯವಲ್ಲ. ಹೆಗಲಿಗೆ ಹಾಕಿಕೊಂಡು ಎರಡು ಕೈಗಳನ್ನೂ ಬರಿದಾಗಿ ಇಟ್ಟುಕೊಳ್ಳಬಹುದಾದ ಗಟ್ಟಿ ಚೀಲವೇ ಉತ್ತಮ. ಒಂದು ಕೈಗೆ ಮಗು, ಇನ್ನೊಂದಕ್ಕೆ ದನದ ಹಗ್ಗ ಬರುವುದುಂಟು. ಮನೆಯ ಹೆಣ್ಣುಮಕ್ಕಳು ಎತ್ತಿ ನಡೆಯಲಾರದಷ್ಟು ಭಾರವನ್ನು ತುಂಬಬಾರದು.

೧. ಕಾಗದಪತ್ರಗಳು: ಆಧಾರ್ ಚೀಟಿ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಪಹಣಿ, ಕ್ರಯಪತ್ರ, ಮಕ್ಕಳ ಶಾಲೆಯ ಪತ್ರಗಳು, ಬೆಳೆವಿಮೆಯ ರಸೀತಿ, ಜಾನುವಾರುಗಳ ಕಿವಿಯೋಲೆಯ ಹನ್ನೆರಡು ಅಂಕಿಗಳ ಸಂಖ್ಯೆ. ಇವುಗಳನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಕಲುಗಳನ್ನು ಬೇರೆ ಊರಿನ ನಂಟರಲ್ಲಿ ಇಡತಕ್ಕದ್ದು. ಪಹಣಿಯು ಸರ್ಕಾರದ ಗಣಕಯಂತ್ರದಲ್ಲಿ ದೊರೆಯುವುದು. ಹಳೆಯ ಕ್ರಯಪತ್ರದ ಮೂಲಪ್ರತಿಯು ಹಾಗೆ ದೊರೆಯದು.

೨. ಆಹಾರ: ಒಲೆಯನ್ನು ಬೇಡದ ಆಹಾರವೇ ಬೇಕು. ರಾಗಿಯ ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಅವಲಕ್ಕಿ ಇವು ಮೂರು ದಿನಗಳಿಗೆ ಸಾಲುವಷ್ಟಿರಲಿ.

೩. ನೀರು: ಕುಡಿಯುವುದಕ್ಕೆ ಆಳೊಂದಕ್ಕೆ ದಿನಕ್ಕೆ ಸುಮಾರು ಮೂರು ಲೀಟರು ಬೇಕಾಗುವುದು. ಅಷ್ಟನ್ನೂ ಹೊರುವುದು ಅಸಾಧ್ಯವಾದ್ದರಿಂದ ತಲಾ ಒಂದು ಸೀಸೆ ನೀರನ್ನೂ ಕ್ಲೋರಿನ್ ಮಾತ್ರೆಗಳನ್ನೂ ಇಟ್ಟುಕೊಳ್ಳತಕ್ಕದ್ದು. ನೆರೆಯ ನೀರು ಸೇರಿದ ಬಾವಿಯ ನೀರನ್ನು ಶುದ್ಧಿಮಾಡದೆ ಕುಡಿಯಬಾರದು.

೪. ಔಷಧ: ನಿತ್ಯ ಸೇವಿಸುವ ಮಾತ್ರೆಗಳು ಒಂದು ವಾರಕ್ಕೆ ಆಗುವಷ್ಟು, ವೈದ್ಯರ ಚೀಟಿಯೊಡನೆ, ಗಾಯಕ್ಕೆ ಕಟ್ಟುವ ಬಟ್ಟೆ. ಭೇದಿಯಾದಲ್ಲಿ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ್ಗೆ ಕುಡಿಸತಕ್ಕದ್ದು. ನೆರೆಯಲ್ಲಿ ಹಾವುಗಳು ಒಣನೆಲವನ್ನು ಅರಸಿ ಬರುವುವು. ಕಚ್ಚಿದಲ್ಲಿ ನಾಟಿ ಮದ್ದಿಗೆ ಕಾಲಹರಣ ಮಾಡದೆ ಆಸ್ಪತ್ರೆಗೆ ಒಯ್ಯಬೇಕು.

೫. ಇತರ ವಸ್ತುಗಳು: ಟಾರ್ಚು, ಬೆಂಕಿಪೊಟ್ಟಣ, ಸೀಟಿ, ಹಗ್ಗ, ಚಾಕು, ಕಂಬಳಿ, ತಲಾ ಒಂದು ಜೊತೆ ಬಟ್ಟೆ, ಚಿಲ್ಲರೆ ಹಣ, ದೂರವಾಣಿಯ ಚಾರ್ಜರು, ಮತ್ತು ನಂಟರ ಸಂಖ್ಯೆಗಳನ್ನು ಬರೆದ ಒಂದು ಚೀಟಿ. ಕಾಡಿನ ಅಂಚಿನವರು ನೂಲಿನ ಬಟ್ಟೆಯನ್ನೇ ಇಟ್ಟುಕೊಳ್ಳಲಿ. ನೈಲಾನ್ ಬಟ್ಟೆಯು ಬೆಂಕಿಯ ಝಳಕ್ಕೆ ಕರಗಿ ಮೈಗೆ ಅಂಟುವುದು.

ದನಕರುಗಳೂ ಬಿತ್ತನೆಯೂ

ಅನೇಕರು ಹೊರಡಲು ತಡಮಾಡುವುದು ಕೊಟ್ಟಿಗೆಯಲ್ಲಿರುವ ದನಗಳ ಸಲುವಾಗಿ. ಆದುದರಿಂದ ದನಗಳಿಗೆ ಜಾಗವನ್ನು ಮೊದಲೇ ಗೊತ್ತುಮಾಡಿಟ್ಟರೆ ಮನುಷ್ಯರೂ ಬೇಗ ಹೊರಡುವರು. ಊರಿನ ಎತ್ತರದ ದಿಣ್ಣೆಯೊಂದನ್ನು ಅದಕ್ಕಾಗಿ ಗುರುತಿಸಿ, ಅಲ್ಲಿ ಒಣಮೇವನ್ನು ಕೂಡಿಡತಕ್ಕದ್ದು. ಮಳೆಗಾಲದ ರಾತ್ರಿಗಳಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಕುಣಿಕೆಯನ್ನೇ ಹಾಕಬೇಕು. ಹೊಡೆದುಕೊಂಡು ಹೋಗಲು ಸಮಯವಿಲ್ಲದಿದ್ದಲ್ಲಿ ಕಣ್ಣಿಯನ್ನು ಬಿಚ್ಚಿಬಿಡಿರಿ. ಬಿಟ್ಟ ದನವು ಈಜಿ ಬದುಕಬಹುದು, ಕಟ್ಟಿದ ದನವು ಬದುಕಲಾರದು. ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಿರತಕ್ಕದ್ದು.

ಬಿತ್ತನೆ ರಾಗಿ, ಜೋಳ, ಹುರುಳಿಗಳನ್ನು ಗಾಳಿಯಾಡದ ಡಬ್ಬಿಗಳಲ್ಲಿ ಅಟ್ಟದ ಮೇಲೆ ಇಡಬೇಕು. ನೆನೆದು ಒಣಗಿದ ಬೀಜವನ್ನು ಪರೀಕ್ಷಿಸದೆ ಬಿತ್ತಬಾರದು: ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುವುವೆಂದು ಎಣಿಸಿದರೆ ಬೀಜದ ಸತ್ತ್ವವು ತಿಳಿಯುವುದು. ವಿಮೆ ಮಾಡಿಸಿದ ಬೆಳೆಗೆ ವಿಮಾನಿಯಮದಲ್ಲಿ ಸೇರಿದ ಸ್ಥಳೀಯ ವಿಕೋಪದಿಂದ ನಷ್ಟವಾದಲ್ಲಿ ೭೨ ಗಂಟೆಗಳೊಳಗಾಗಿ ತಿಳಿಸಬೇಕೆಂಬುದನ್ನು ಮರೆಯಬಾರದು.

ಯಜಮಾನರ ಕರ್ತವ್ಯ

ಸ್ವಂತ ಕುಟುಂಬದ ಗಂಟನ್ನು ಕಟ್ಟಿದ ಮಾತ್ರಕ್ಕೆ ಗ್ರಾಮದ ಮುಖಂಡರ ಕೆಲಸವು ಪೂರ್ತಿಯಾಗುವುದಿಲ್ಲ. ವೃದ್ಧರು, ಬಸುರಿ ಬಾಣಂತಿಯರು, ಅಂಗವಿಕಲರು ಯಾವ ಮನೆಗಳಲ್ಲಿರುವರೆಂಬ ಪಟ್ಟಿಯನ್ನು ಬರೆದಿಟ್ಟು, ಯಾವ ಟ್ರ್ಯಾಕ್ಟರಿನಲ್ಲಿ ಯಾರನ್ನು ಕರೆದೊಯ್ಯಬೇಕೆಂಬುದನ್ನು ಗೊತ್ತುಪಡಿಸತಕ್ಕದ್ದು. ವಿದ್ಯುತ್ತೂ ದೂರವಾಣಿಯೂ ನಿಂತಾಗ ತಮಟೆಯೇ ಗತಿ. ತಮಟೆಯ ಯಾವ ಬಡಿತಕ್ಕೆ ಹೊರಡಬೇಕೆಂಬುದು ಮಕ್ಕಳಿಗೂ ತಿಳಿದಿರಲಿ. ತುರ್ತುಕರೆಗೆ ೧೧೨, ಜಿಲ್ಲೆಯ ವಿಪತ್ತು ನಿರ್ವಹಣೆಗೆ ೧೦೭೭ ಸಂಖ್ಯೆಗಳಿವೆ. ದಾರಿಯನ್ನೂ ಮೊದಲೇ ಯೋಚಿಸಬೇಕು. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಸಾಮಾನ್ಯ ವಾಹನಗಳಿಗೆ ನಿರ್ಬಂಧವಿದೆ. ಕಪಿಲೆಯು ಉಕ್ಕಿದಾಗ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯು ಮುಳುಗುವುದುಂಟು.

ಜಮೀನುದಾರರಲ್ಲಿ ಒಂದು ವಿಶೇಷ ವಿಜ್ಞಾಪನೆ. ತಮ್ಮ ಹೊಲದಲ್ಲಿ ಗುಡಿಸಲು ಹಾಕಿಕೊಂಡಿರುವ ಕೂಲಿಯವರಿಗೆ ಗಂಟು ಕಟ್ಟುವ ಅನುಕೂಲವಿರುವುದಿಲ್ಲ. ತಗ್ಗಿನ ನೆಲವೇ ಅವರ ಪಾಲಿಗೆ ಬಂದಿರುವುದೂ ಉಂಟು. ಅವರ ಕಾಗದಗಳಿಗೆ ಒಂದು ಪ್ಲಾಸ್ಟಿಕ್ ಚೀಲವನ್ನು ಕೊಟ್ಟು, ಅವರ ಹೆಸರುಗಳನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದು ಜಮೀನುದಾರರಿಗೆ ಭಾರವಾಗದು. ವಯನಾಡಿಗೋ ಕೊಡಗಿಗೋ ಕೂಲಿಗೆ ಹೊರಡುವವರ ಪತ್ರಗಳ ನಕಲನ್ನು, ಅವರ ಒಪ್ಪಿಗೆಯಿಂದ, ಊರಿನಲ್ಲಿ ಇಟ್ಟುಕೊಂಡಿರುವುದು ಉಚಿತ.

ಮಕರಸಂಕ್ರಾಂತಿಯಲ್ಲಿ, ಅಂದರೆ ಕಾಡಿಗೆ ಬೆಂಕಿ ಬೀಳುವ ಕಾಲಕ್ಕೆ ಮುಂಚೆ ಒಮ್ಮೆಯೂ, ರೋಹಿಣಿ ಮಳೆಗೆ ಮುಂಚೆ ಇನ್ನೊಮ್ಮೆಯೂ ಗಂಟನ್ನು ಬಿಚ್ಚಿ, ಹಿಟ್ಟನ್ನೂ ಮಾತ್ರೆಗಳನ್ನೂ ಹೊಸದಾಗಿ ತುಂಬಿ, ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕತಕ್ಕದ್ದು. ಈ ಪತ್ರಿಕೆಯನ್ನು ಓದುವ ಯಜಮಾನರು ಇದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಹೇಳಿ, ತಮ್ಮ ಊರಿನ ಪಟ್ಟಿಯನ್ನು ಅಂದೇ ಬರೆಯಲು ಆರಂಭಿಸಬೇಕೆಂದು ಕೋರಲಾಗಿದೆ.