ಹರಿಶ್ಚಂದ್ರ ಘಾಟಿನ ಗಲ್ಲಿಯಲ್ಲಿ ನೀಲಿ ಚುಕ್ಕಿ ಏಕೆ ಜಿಗಿಯುತ್ತದೆ?

ಪ್ರಶ್ನೆ: ಕಾಶಿಯ ಹರಿಶ್ಚಂದ್ರ ಘಾಟಿಗೆ ಇಳಿಯುವ ಗಲ್ಲಿಗಳಲ್ಲಿ ಮೊಬೈಲ್ ನಕ್ಷೆಯಲ್ಲಿ ನಮ್ಮ ಜಾಗ ತೋರಿಸುವ ನೀಲಿ ಚುಕ್ಕಿ ಜಿಗಿದು ದಾರಿ ತಪ್ಪಿಸುತ್ತದೆ; ನದಿಯ ಮೆಟ್ಟಿಲಿಗೆ ಬಂದರೆ ಸರಿಹೋಗುತ್ತದೆ. ಏಕೆ?

ಉತ್ತರ: ಅಡ್ಡಿ ಇರುವುದು ಎತ್ತರದ ಗೋಡೆಗಳಲ್ಲಿ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಿದ ಸಮಯ ಅಳೆದು ಫೋನು ತನ್ನ ಜಾಗವನ್ನು ಲೆಕ್ಕ ಹಾಕುತ್ತದೆ. ಇಕ್ಕಟ್ಟಾದ ಗಲ್ಲಿಯಲ್ಲಿ ಕೆಲವು ಸಂಕೇತಗಳು ಮರೆಯಾಗುತ್ತವೆ, ಕೆಲವು ಗೋಡೆಗೆ ಬಡಿದು ಬಳಸಿ ಬರುತ್ತವೆ. ಮೈಕ್ರೋಸೆಕೆಂಡಿನ ಹತ್ತರಲ್ಲೊಂದು ಭಾಗ ತಡವಾದರೂ ಆ ಉಪಗ್ರಹದ ದೂರ 30 ಮೀಟರ್ ಹೆಚ್ಚಾಗಿ ಕಾಣುತ್ತದೆ. ಗಂಗೆಯ ಕಡೆ ಆಕಾಶ ತೆರೆದಿರುವುದರಿಂದ ತಪ್ಪು ಸುಮಾರು 5 ಮೀಟರಿಗೆ ಇಳಿಯುತ್ತದೆ.

ಇಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹರಿಶ್ಚಂದ್ರ ಘಾಟಿಗೆ ಅಂಟಿಕೊಂಡೇ ಕರ್ನಾಟಕ ಘಾಟ್, ಅಂದರೆ ಹಿಂದಿನ ಮೈಸೂರು ಘಾಟ್ ಇದೆ. ಚುಕ್ಕಿ ತುಸು ಸರಿದರೆ ಒಂದು ಘಾಟಿನ ಗುಡಿ ಇನ್ನೊಂದರ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಾಗಾಗಿ ಕ್ಯೂಫೀಲ್ಡ್‌ನಂಥ ಆ್ಯಪ್ ಹಿಡಿದು ನಕ್ಷೆ ಮಾಡುವವರು ಗುರುತನ್ನು ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡಬೇಕು.

ಗುರುತು ಹಾಕಿದ ದಿನಾಂಕವನ್ನೂ ಬರೆದಿಡಬೇಕು. ಮಳೆಗಾಲದಲ್ಲಿ ಗಂಗೆ ಉಕ್ಕಿದಾಗ ಮೆಟ್ಟಿಲುಗಳು ಮುಳುಗುತ್ತವೆ, ಹರಿಶ್ಚಂದ್ರ ಘಾಟಿನಲ್ಲಿ ನಡೆಯುವ ಶವಸಂಸ್ಕಾರ ಮೇಲಿನ ಗಲ್ಲಿಗಳಿಗೆ ಸರಿಯುತ್ತದೆ. ಜಿಐಎಸ್‌ನಲ್ಲಿ (ಭೌಗೋಳಿಕ ಮಾಹಿತಿ ವ್ಯವಸ್ಥೆಯಲ್ಲಿ) ಮೆಟ್ಟಿಲು, ಗಲ್ಲಿ, ಪ್ರವಾಹದ ಗಡಿಗಳನ್ನು ಬೇರೆ ಬೇರೆ ಪದರಗಳಾಗಿ ಇಟ್ಟು ಒಂದರ ಮೇಲೊಂದು ಹಾಸಿದರೆ ಯಾವ ದಾರಿ ಮುಳುಗುತ್ತದೆಂದು ತಿಳಿಯುತ್ತದೆ. ಕಾಶಿಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ 1822ರಲ್ಲಿ ತಯಾರಿಸಿದ ನಗರ ನಕ್ಷೆಯನ್ನೂ ಸ್ಕ್ಯಾನ್ ಮಾಡಿ, ಇಂದಿಗೂ ಉಳಿದ ಕಟ್ಟಡಗಳಿಗೆ ಹೊಂದಿಸಿ, ಇನ್ನೊಂದು ಪದರವಾಗಿ ಸೇರಿಸಬಹುದು.