ನಿಂತ ಗಡಿಯಾರ

ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್‌ನ ಸಹಯೋಗದೊಡನೆ 1961ರಲ್ಲಿ ಆರಂಭಿಸಿದ ಕೈಗಡಿಯಾರದ ಉದ್ಯಮ 2016ರಲ್ಲಿ ಮುಚ್ಚಿತು. ಕೊಪ್ಪಳ, ಗಂಗಾವತಿಗಳ ಹಳೆಯ ಪೆಟ್ಟಿಗೆಗಳಲ್ಲಿ 'ಜನತಾ' ಮಾತ್ರ ಇನ್ನೂ ಮಲಗಿದೆ. ನಿವೃತ್ತನಾದ ಮೇಲೆ ಅಂಥವನ್ನು ಕೂಡಿಹಾಕುವುದೇ ನನ್ನ ಗೀಳು.

ಕೀಲಿ ಕೊಟ್ಟರೂ ನಡೆಯದ ಗಡಿಯಾರ ಸತ್ತಿತೆಂದು ತಿಳಿಯಬಾರದು. ಬಹುಮಟ್ಟಿಗೆ ಎಣ್ಣೆ ಒಣಗಿ, ನಮ್ಮ ಎರೆಸೀಮೆಯ ಧೂಳು ಅದಕ್ಕೆ ಅಂಟಿರುತ್ತದೆ. ಬಿಚ್ಚಿ ತೊಳೆದು, ಅಚ್ಚು ತಿರುಗುವ ಹರಳುಗಳಿಗೆ ಸೂಜಿಮೊನೆಯಷ್ಟು ಎಣ್ಣೆಯಿಟ್ಟರೆ ಸಾಕು. ಆದರೆ ಮೊದಲು ಸ್ಪ್ರಿಂಗಿನ ಬಿಗಿಯನ್ನು ಮೆಲ್ಲನೆ ಇಳಿಸಬೇಕು. ಇಲ್ಲವಾದರೆ ಚಕ್ರಗಳು ಗಿರ್ರನೆ ತಿರುಗಿ ಹಲ್ಲು ಮುರಿದುಕೊಳ್ಳುತ್ತವೆ. ಅವಸರದಲ್ಲಿ ಅದನ್ನು ಮರೆತು ನಾನು ಕೆಡಿಸಿದ್ದು ತಂದೆಯವರ ಜನತಾವನ್ನೇ! ಕುಷ್ಟಗಿಯ ಸಂತೆಯಲ್ಲಿ ಕೊಂಡ ಇನ್ನೊಂದು ಜನತಾದ ಚಕ್ರ ಅದಕ್ಕೆ ಹೊಂದಿತು. ಈಗದು ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ, ದಿನಕ್ಕೆ 2 ನಿಮಿಷ ಹಿಂದುಳಿಯುತ್ತದೆ. ತಂದೆಯವರೂ ಎಂದೂ ಹೊತ್ತಿಗೆ ಸರಿಯಾಗಿ ಮನೆಗೆ ಬಂದವರಲ್ಲ.